ಫೆಡೆಕ್ಸ್ ಕಪ್ ಪ್ಲೇಆಫ್ ಹೇಗೆ ನಡೆಯುತ್ತದೆ? ಅಗ್ರಸ್ಥಾನದಲ್ಲಿದ್ದವರಿಗೆ ಫೈನಲ್‌ನಲ್ಲಿ ಲಾಭವಿದೆಯೇ?

ಅಮೆರಿಕದ ವೃತ್ತಿಪರ ಗಾಲ್ಫ್ ಪಂದ್ಯಾವಳಿಯಾದ ಪಿಜಿಎ ಟೂರ್‌ನ ಈ ಸರಣಿಯಲ್ಲಿ ಮೂರು ಟೂರ್ನಿಗಳಿವೆ. 2023ರಿಂದ ಈಚೆಗೆ ಅಂಕಪಟ್ಟಿಯ ಮೊದಲ 70 ಮಂದಿಗೆ ಮಾತ್ರ ಪ್ರವೇಶ. ಮೆಂಫಿಸ್‌ನ ಟೂರ್ನಿ ಮುಗಿದಾಗ 50 ಮಂದಿ, ಬಿಎಂಡಬ್ಲ್ಯು ಚಾಂಪಿಯನ್‌ಷಿಪ್ ಮುಗಿದಾಗ 30 ಮಂದಿ ಉಳಿಯುತ್ತಾರೆ. ಫೈನಲ್ ಅಟ್ಲಾಂಟಾದ ಈಸ್ಟ್ ಲೇಕ್ ಅಂಗಳದಲ್ಲಿ.

ಲಾಭ ಹಿಂದೆ ಇತ್ತು, ಈಗಿಲ್ಲ. 2019ರಿಂದ 2024ರವರೆಗೆ ಅಗ್ರಸ್ಥಾನಿ ಫೈನಲ್ ಆಟವನ್ನು 10 ಅಂಡರ್ ಪಾರ್‌ನಿಂದಲೇ, ಅಂದರೆ ನಿಗದಿತ ಹೊಡೆತಗಳಿಗಿಂತ 10 ಕಡಿಮೆ ಎಂಬ ಲೆಕ್ಕದಿಂದಲೇ, ಆರಂಭಿಸುತ್ತಿದ್ದರು (ಗಾಲ್ಫ್‌ನಲ್ಲಿ ಕಡಿಮೆ ಹೊಡೆತ ಬಳಸಿದವರೇ ಮುಂದೆ). 2022ರಲ್ಲಿ ಅಗ್ರಸ್ಥಾನಿ ಸ್ಕಾಟಿ ಶೆಫ್ಲರ್‌ಗಿಂತ ಆರು ಹೊಡೆತ ಹಿಂದೆ ಹೊರಟ ರೋರಿ ಮೆಕಿಲ್ರಾಯ್, ಮೊದಲ ಹೋಲ್‌ನಲ್ಲೇ ಟ್ರಿಪಲ್ ಬೋಗಿ (ನಿಗದಿಗಿಂತ ಮೂರು ಹೊಡೆತ ಹೆಚ್ಚು) ಮಾಡಿಕೊಂಡರೂ ಕೊನೆಗೆ ಒಂದು ಹೊಡೆತದಿಂದ ಗೆದ್ದರು. ಎಂಥ ಛಲ!

2025ರಿಂದ ಮೂವತ್ತೂ ಮಂದಿ ಸಮನಾಗಿ ಹೊರಡುತ್ತಾರೆ. ನನ್ನ ಮಟ್ಟಿಗೆ ಇದೇ ನ್ಯಾಯ. ಆ ವರ್ಷ ಗೆದ್ದ ಟಾಮಿ ಫ್ಲೀಟ್‌ವುಡ್ ಅವರಿಗೆ ಅದು ಪಿಜಿಎ ಟೂರ್‌ನಲ್ಲಿ ಮೊತ್ತಮೊದಲ ಪ್ರಶಸ್ತಿ.