ಪ್ರಶ್ನೋತ್ತರ: ಕೊಡಗಿನ ಮಳೆಯಲ್ಲಿ ಗುಂಗುರು ಕೂದಲು

ಸ್ಟ್ರೈಟ್ನರ್, ಕರ್ಲಿಂಗ್ ರಾಡ್ ಮುಟ್ಟದೆ ಕೂದಲಿನ ಸಹಜ ಅಲೆ, ಸುರುಳಿಗಳನ್ನು ಉಳಿಸಿಕೊಳ್ಳುವುದು ಹೇಗೆ? ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಕಾಲೇಜಿನ ದಿನಗಳಿಂದ ಸ್ಟ್ರೈಟ್ನರ್ ಹಾಕುತ್ತಿದ್ದೆ. ಆರು ತಿಂಗಳಿಂದ ಬಿಟ್ಟಿದ್ದೇನೆ. ಒದ್ದೆಯಿದ್ದಾಗ ಕೂದಲು ಅಲೆಅಲೆಯಾಗಿ ಚೆಂದ ಕಾಣುತ್ತದೆ. ಒಣಗಿದ ಮೇಲೆ ಬಾಚಿದರೆ ಪೊರಕೆಯಂತಾಗುತ್ತದೆ. ನನ್ನದು ಗುಂಗುರು ಕೂದಲೇ? ಏನು ಮಾಡಲಿ?
— ಓದುಗರು, ನಾಪೋಕ್ಲು

ಒದ್ದೆಯಿದ್ದಾಗ ಅಲೆ ಕಂಡರೆ ನಿಮ್ಮದು ಅಲೆಗೂದಲೇ, ಅನುಮಾನ ಬೇಡ. ಅದು ಪೊರಕೆಯಾಗುತ್ತಿರುವುದು ಒಣಗಿದ ಮೇಲೆ ಬಾಚಣಿಗೆ ಆಡಿಸುವುದರಿಂದ. ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದ ಎಳೆಗಳನ್ನು ಬಾಚಣಿಗೆ ಬಿಡಿಬಿಡಿ ಮಾಡುತ್ತದೆ. ಬಿಡಿಯಾದ ಒಂದೊಂದು ಎಳೆಯೂ ತನಗೆ ಬೇಕಾದ ಕಡೆ ಬಾಗುತ್ತದೆ.

ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕದ ಗಟ್ಟಿ ಬಂಧಗಳಿವೆ, ಅವು ನೀರಿಗೆ ಜಗ್ಗುವುದಿಲ್ಲ. ಜೊತೆಗೆ ಹೈಡ್ರೋಜನ್ ಬಂಧಗಳಿವೆ. ಅವು ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಆದ್ದರಿಂದ ಒಣಗುವ ಹೊತ್ತಿನಲ್ಲಿ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರ ನಿಲ್ಲುತ್ತದೆ. ನೀವು ಮಾಡಬೇಕಾದ ಕೆಲಸವೆಲ್ಲ ಕೂದಲು ನೀರು ಸೋರುತ್ತಿರುವಾಗಲೇ ಮುಗಿಯಬೇಕು. ಆಮೇಲೆ ಕೈ ಹಾಕಬಾರದು.

ಭುಜದಿಂದ ಒಂದು ಗೇಣು ಕೆಳಗೆ ಇಳಿಯುವ ಕೂದಲಿನ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಚಮಚ ಶಾಂಪೂವನ್ನು ಅರ್ಧ ಮಗ್ ನೀರಿನಲ್ಲಿ ಕದಡಿ ನೆತ್ತಿಗೆ ಮಾತ್ರ ಉಜ್ಜಿ. ತುದಿಗೆ ಬೇರೆಯಾಗಿ ಹಚ್ಚುವುದು ಬೇಡ, ತೊಳೆಯುವಾಗ ಇಳಿಯುವ ನೊರೆಯೇ ಸಾಕು. ಬಚ್ಚಲಿನ ಹಂಡೆಯ ಸುಡು ನೀರನ್ನು ತಲೆಗೆ ಸುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ನೆತ್ತಿಯ ಎಣ್ಣೆಯಂಶವನ್ನೆಲ್ಲ ತೆಗೆದುಬಿಡುತ್ತದೆ, ಉಗುರು ಬೆಚ್ಚಗಿನ ನೀರು ಸಾಕು. ನಂತರ ಎರಡು ದೊಡ್ಡ ಚಮಚದಷ್ಟು ಕಂಡೀಷನರ್ ಅನ್ನು ಕಿವಿಯಿಂದ ಕೆಳಗೆ ಹಚ್ಚಿ. ಸಿಕ್ಕು ಬಿಡಿಸಬೇಕಾದದ್ದು ಈಗ, ಈ ಜಾರುವ ಸ್ಥಿತಿಯಲ್ಲಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರುಮಾಡಿ ಮೇಲಕ್ಕೆ. ವಾರದಲ್ಲಿ ನೀವು ಬಾಚುವುದು ಇದೊಂದೇ ಸಲ.

ಕಂಡೀಷನರ್ ತೊಳೆದ ಮೇಲೆ ನೀರು ಹಿಂಡಬೇಡಿ. ತಲೆ ಬಗ್ಗಿಸಿ, ಒಂದರಿಂದ ಎರಡು ದೊಡ್ಡ ಚಮಚ ಹೇರ್ ಜೆಲ್ಲನ್ನು ಎರಡು ಅಂಗೈಗೂ ಸವರಿಕೊಂಡು, ಕೂದಲನ್ನು ಅಂಗೈಗಳ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಿ. ಆಮೇಲೆ ತುದಿಗಳನ್ನು ಅಂಗೈಯಲ್ಲಿ ತುಂಬಿಕೊಂಡು ನೆತ್ತಿಯ ಕಡೆಗೆ ಒತ್ತಿ ಮುಷ್ಟಿ ಹಿಡಿದು ಬಿಡಿ. ಪಚಕ್ ಪಚಕ್ ಎಂದು ಸದ್ದು ಬರಬೇಕು. ಸದ್ದು ಬರದಿದ್ದರೆ ನೀರು ಕಡಿಮೆಯಾಗಿದೆ ಎಂದೇ ಅರ್ಥ, ಇನ್ನೊಂದು ಬೊಗಸೆ ನೀರು ಚಿಮುಕಿಸಿ ಮುಂದುವರಿಸಿ. ಕೊನೆಗೆ ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳಿಗೆ ಎಳೆಗಳು ಸಿಕ್ಕಿಕೊಳ್ಳುತ್ತವೆ. ಹಳೆಯ ಹತ್ತಿ ಪಂಚೆಯೋ ಟೀ ಶರ್ಟೋ ಹಾಸಿ, ಕೂದಲನ್ನು ಅದರ ಮೇಲೆ ಮಡಿಕೆಯಾಗಿ ಇಳಿಬಿಟ್ಟು, ತಲೆಗೆ ಕಟ್ಟಿ. ಹದಿನೈದು ನಿಮಿಷ ಸಾಕು. ಅರ್ಧ ಗಂಟೆ ಮೀರಿದರೆ ನೆತ್ತಿಯ ಕೂದಲು ಚಪ್ಪಟೆಯಾಗಿ ಒಣಗುತ್ತದೆ.

ಒಣಗಿದಾಗ ಕೂದಲು ಗಂಜಿ ಹಾಕಿದ ಬಟ್ಟೆಯಂತೆ ಗಟ್ಟಿಯಾಗಿರುತ್ತದೆ. ಗಾಬರಿಯಾಗಿ ತೊಳೆದುಬಿಡಬೇಡಿ. ಅದು ಜೆಲ್ಲಿನ ಕವಚ. ಪೂರ್ತಿ ಒಣಗಿದ ಮೇಲೆ ಎರಡು ಮೂರು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಮತ್ತೆ ಅದೇ ರೀತಿ ಮುಷ್ಟಿ ಹಿಡಿದರೆ ಕವಚ ಪುಡಿಯಾಗಿ ಮೆತ್ತಗಿನ ಅಲೆ ಉಳಿಯುತ್ತದೆ. ಅರ್ಧ ಒಣಗಿದಾಗಲೇ ಕವಚ ಒಡೆದರೆ ಎಲ್ಲ ಕೆದರುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ಸ್ಟ್ರೈಟ್ನರ್ ಬಿಸಿಗೆ ಹಾಳಾದ ತುದಿಗಳು ಮಾತ್ರ ಯಾವ ಜೆಲ್ಲಿಗೂ ಸುರುಳಿ ತಿರುಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೆಟ್ಟಗಿನ ತುದಿಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ರಾಸಾಯನಿಕ ಸ್ಟ್ರೈಟನಿಂಗ್ ಮಾಡಿಸಿದವರಿಗೂ ಇದೇ ದಾರಿ, ಅದು ಗಂಧಕದ ಬಂಧವನ್ನೇ ಮುರಿದಿರುತ್ತದೆ.

ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕೂದಲು ಒಣಗುವುದೇ ಇಲ್ಲ. ಒಲೆಯ ಮುಂದೆ ಕೂತು ಒಣಗಿಸಿಕೊಳ್ಳುತ್ತೇವೆ. ಇದೂ ಬಿಸಿಯೇ ಅಲ್ಲವೇ? ಒದ್ದೆಯಲ್ಲೇ ಜಡೆ ಹಾಕಿ ಮಲಗಿದರೆ ವಾಸನೆ ಬರುತ್ತದೆ.
— ಓದುಗರು, ಭಾಗಮಂಡಲ

ಒಲೆಯಿಂದ ಕಾದ ಕೋಣೆಯ ಗಾಳಿ ಒಳ್ಳೆಯದು, ಒಲೆಯ ಕಾವು ನೇರವಾಗಿ ಬಡಿಯುವುದು ಕೆಟ್ಟದ್ದು. ಕೂದಲು ಇರುವ ಜಾಗದಲ್ಲಿ ಅಂಗೈ ಹಿಡಿದು ನೋಡಿ. ಒಂದು ನಿಮಿಷ ಹಾಯಾಗಿ ಇಡಲು ಆಗದಿದ್ದರೆ ಹಿಂದಕ್ಕೆ ಸರಿಯಿರಿ. ಬೆಂಕಿಗೆ ಬೆನ್ನು ಮಾಡಿ ಕೂದಲು ಹರವಿ ಕೂರುವವರು ಕಿಡಿಯ ವಿಚಾರದಲ್ಲಿ ದಯವಿಟ್ಟು ಜಾಗ್ರತೆ. ಹೊಗೆಯೂ ಬೇಡ. ಹಸಿ ಜೆಲ್ಲಿಗೆ ಮಸಿ ಅಂಟಿ ಕೂದಲು ಮಂಕಾಗುತ್ತದೆ.

ಮಳೆಗಾಲದಲ್ಲಿ ತಲೆಸ್ನಾನ ಬೆಳಿಗ್ಗೆಯೇ ಆಗಲಿ, ಐದಾರು ದಿನಕ್ಕೊಮ್ಮೆ ಸಾಕು. ರಾತ್ರಿಯಿಡೀ ಒದ್ದೆ ಕಟ್ಟಿಟ್ಟರೆ ನೆತ್ತಿಯ ಮೇಲಿನ ಶಿಲೀಂಧ್ರ ಹೆಚ್ಚಿ ಹೊಟ್ಟು, ವಾಸನೆ, ತುರಿಕೆ ಶುರುವಾಗುತ್ತದೆ. ಒಂದು ಪಂಚೆ ಬಿಚ್ಚಿ ಒಣಗಿದ ಇನ್ನೊಂದನ್ನು ಹತ್ತು ನಿಮಿಷ ಕಟ್ಟಿದರೆ ಎಷ್ಟೋ ನೀರು ಕಡಿಮೆಯಾಗುತ್ತದೆ. ಆಮೇಲೆ ಫ್ಯಾನನ್ನು ನಾಲ್ಕೈದು ಅಡಿ ದೂರದಲ್ಲಿ, ಕಡಿಮೆ ವೇಗದಲ್ಲಿ ಹಾಕಿಕೊಳ್ಳಿ. ಡ್ರೈಯರಿನಲ್ಲಿ ತಣ್ಣನೆ ಗಾಳಿಯ ಗುಂಡಿಯಿದ್ದರೆ ಅದೂ ಆಗಬಹುದು.

ಮಂಜು ಕವಿದ ದಿನ ಕೂದಲು ಊದಿಕೊಳ್ಳುವುದಕ್ಕೆ ಇನ್ನೊಂದು ಕಾರಣ ಜೆಲ್ಲಿನೊಳಗಿನ ಗ್ಲಿಸರಿನ್. ಅದು ಗಾಳಿಯ ತೇವವನ್ನು ಕೂದಲಿಗೆ ಎಳೆದುಕೊಳ್ಳುತ್ತದೆ. ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಮೊದಲ ಐದು ಹೆಸರುಗಳೊಳಗೆ ಗ್ಲಿಸರಿನ್ ಅಥವಾ ಜೇನು ಇದ್ದರೆ ಅದನ್ನು ಮಳೆಗಾಲ ಮುಗಿಯುವವರೆಗೆ ತೆಗೆದಿಡಿ.

ಅಗಸೆ ಬೀಜದ ಜೆಲ್ ಎರಡು ಸಲ ಮಾಡಿದೆ. ಒಮ್ಮೆ ಸೋಸಲೇ ಆಗಲಿಲ್ಲ, ಇನ್ನೊಮ್ಮೆ ಕೂದಲಲ್ಲಿ ಬಿಳಿ ಹೊಟ್ಟಿನಂತೆ ಉದುರಿತು.
— ಓದುಗರು, ಗೋಣಿಕೊಪ್ಪಲು

ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು. ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಕುದಿಸಿ. ಏಳೆಂಟು ನಿಮಿಷದಲ್ಲಿ ಬಿಳಿ ನೊರೆ ಏಳುತ್ತದೆ. ಸೌಟು ಎತ್ತಿ ನೋಡಿ. ಹನಿ ತಟತಟನೆ ಬೀಳುತ್ತಿದ್ದರೆ ಇನ್ನೂ ಆಗಿಲ್ಲ. ಮೊಟ್ಟೆಯ ಬಿಳಿಯಂತೆ ನೂಲಾಗಿ ಇಳಿದು, ತುದಿ ಕಡಿಯದೆ ತೂಗಾಡಿದರೆ ಆಗಿದೆ, ತಕ್ಷಣ ಒಲೆ ಆರಿಸಿ. ಆರಿದ ಮೇಲೆ ಇದು ಇನ್ನೂ ದಪ್ಪಗಾಗುತ್ತದೆ. ನೀವು ಸೋಸಲಾಗದೆ ಹೋದದ್ದು ಹೆಚ್ಚು ಕುದಿಸಿದ್ದರಿಂದ ಅಥವಾ ತಣಿಯಲು ಬಿಟ್ಟಿದ್ದರಿಂದ. ಬಿಸಿಯಿರುವಾಗಲೇ ಕಬ್ಬಿಣದ ಜರಡಿಯಲ್ಲೋ ತೆಳು ಬಟ್ಟೆಯಲ್ಲೋ ಸೋಸಬೇಕು. ಬಟ್ಟೆಯಾದರೆ ಇಕ್ಕಳದಿಂದ ಹಿಂಡಿ, ಕೈ ಸುಡುತ್ತದೆ.

ಬಿಳಿ ಉದುರಿದ್ದು ಹೆಚ್ಚಾಗಿ ಜೆಲ್ ಅತಿಯಾದದ್ದರಿಂದ, ಇಲ್ಲವೇ ಅರೆ ಒಣಗಿದ ಕೂದಲಿಗೆ ಹಚ್ಚಿದ್ದರಿಂದ. ಕಂಡೀಷನರ್ ಪೂರ್ತಿ ತೊಳೆಯದಿದ್ದರೂ ಎರಡೂ ಬೆರೆತು ಗಡ್ಡೆ ಕಟ್ಟುತ್ತವೆ. ಅಂಗೈಯಲ್ಲಿ ಎರಡನ್ನೂ ಒಂದೊಂದು ಹನಿ ಬೆರೆಸಿ ಉಜ್ಜಿ ನೋಡಿದರೆ ಮೊದಲೇ ತಿಳಿಯುತ್ತದೆ.

ಇದು ಅಡುಗೆಯಷ್ಟೇ ಬೇಗ ಕೆಡುವ ವಸ್ತು. ಫ್ರಿಜ್ಜಿನಲ್ಲಿ ಒಂದು ವಾರ, ಹೊರಗೆ ಒಂದು ದಿನವೂ ಬೇಡ. ಹುಳಿ ವಾಸನೆ ಬಂದರೆ ಚೆಲ್ಲಿ. ಹೆಚ್ಚು ಮಾಡಿದ್ದರೆ ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿಟ್ಟು, ಬೇಕಾದಾಗ ಎರಡು ತುಂಡು ಕರಗಿಸಿಕೊಳ್ಳಿ. ದಾಸವಾಳದ ಎಲೆಯ ಲೋಳೆ ಇದಕ್ಕೆ ಬದಲಿಯೇ ಎಂದು ಹಲವರು ಕೇಳಿದ್ದಾರೆ. ಕೂದಲು ತೊಳೆಯಲು, ಮೆತ್ತಗಾಗಿಸಲು ಅದು ಬಹಳ ಒಳ್ಳೆಯದು. ಆಕಾರ ಹಿಡಿದಿಡುವ ಶಕ್ತಿ ಅಗಸೆಯಷ್ಟಿಲ್ಲ.

ಕೂದಲಿಗೆ ಆಪಲ್ ಸೈಡರ್ ವಿನೆಗರ್ ಹಾಕಿ ಅನ್ನುತ್ತಾರೆ. ಮನೆಯಲ್ಲಿ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಇದೆ. ಅದನ್ನೇ ನೀರಿಗೆ ಬೆರೆಸಿದರೆ ಆಗದೇ?
— ಓದುಗರು, ವಿರಾಜಪೇಟೆ

ಬೇಡ. ಎರಡೂ ಹುಳಿಯೇ ಆದರೂ ಗುಣ ಬೇರೆ. ವಿನೆಗರಿನ ಆಮ್ಲ ಗಾಳಿಗೆ ಆರಿಹೋಗುತ್ತದೆ, ಅದಕ್ಕೇ ಕೂದಲು ಒಣಗಿದ ಮೇಲೆ ವಾಸನೆ ಉಳಿಯುವುದಿಲ್ಲ. ಕಾಚಂಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಬತ್ತಿಸಿದ್ದು. ಅದರ ಆಮ್ಲ ಆರುವುದಿಲ್ಲ, ಕಪ್ಪು ಅಂಟು ಎಳೆಗಳ ಮೇಲೆ ಹಾಗೇ ಕೂರುತ್ತದೆ. ನೆತ್ತಿಯಲ್ಲಿ ಸಣ್ಣ ಗೀರಿದ್ದರೂ ಉರಿ ತಡೆಯಲಾಗದು. ಅದು ಪಂದಿ ಕರಿಗೇ (ಹಂದಿ ಮಾಂಸದ ಅಡುಗೆಗೇ) ಇರಲಿ. ಕೂದಲಿಗೆ ಅಂಗಡಿಯ ಸಾದಾ ಬಿಳಿ ವಿನೆಗರ್ ಒಂದು ದೊಡ್ಡ ಚಮಚ, ಒಂದು ಲೀಟರ್ ನೀರಿಗೆ. ತಿಂಗಳಿಗೆ ಎರಡು ಸಲ ಸಾಕು, ಒಂದು ನಿಮಿಷ ಬಿಟ್ಟು ತೊಳೆಯಿರಿ.

ಮದುವೆಯಾಗಿ ಕುಶಾಲನಗರಕ್ಕೆ ಬಂದ ಮೇಲೆ ಗುಂಗುರು ಹೋಗಿ ಕೂದಲು ನಾರಿನಂತಾಗಿದೆ. ತವರಿಗೆ ಹೋದಾಗ ಎರಡೇ ಸ್ನಾನಕ್ಕೆ ಸರಿಯಾಗುತ್ತದೆ. ಇಲ್ಲಿ ಬೋರ್‌ವೆಲ್ ನೀರು.
— ಓದುಗರು, ಕುಶಾಲನಗರ

ನಿಮ್ಮ ಪತ್ರದಲ್ಲೇ ಉತ್ತರವಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿನ ಮೇಲೆ ಪದರ ಕಟ್ಟುತ್ತಿವೆ. ಖಾತ್ರಿಯಾಗಬೇಕೆಂದರೆ ಅರ್ಧ ಬಾಟಲಿ ನೀರಿಗೆ ಸ್ವಲ್ಪ ಸೋಪು ತುರಿದು ಕುಲುಕಿ. ಶಾಂಪೂ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ನೊರೆ ಬರದೆ ಮೊಸರಿನಂತೆ ಒಡೆದರೆ ನೀರು ಗಡಸು. ಕುದಿಸಿ ಆರಿಸಿದರೆ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಮಳೆನೀರು. ಮೊದಲ ಕೆಲವು ಮಳೆಗೆ ಮಾಡು ತೊಳೆದುಹೋದ ಮೇಲೆ ಹಿಡಿದು ಮುಚ್ಚಿಟ್ಟ ನೀರಿನಲ್ಲಿ ಕೊನೆಯ ಎರಡು ಮಗ್ ಸುರಿದುಕೊಂಡರೂ ವ್ಯತ್ಯಾಸ ಕಾಣುತ್ತದೆ. ಬೇಸಿಗೆಯಲ್ಲಿ ಮೇಲೆ ಹೇಳಿದ ವಿನೆಗರ್ ನೀರು, ಜೊತೆಗೆ ತಿಂಗಳಿಗೊಮ್ಮೆ, ಈ ಖನಿಜಗಳನ್ನು ಹಿಡಿದು ತೆಗೆಯುವ ಇಡಿಟಿಎ ಇರುವ ಶಾಂಪೂ.

ನನ್ನದು ನೆಟ್ಟಗಿನ ಕೂದಲು. ಅಕ್ಕನ ಮದುವೆಗೆ ಒಂದು ದಿನದ ಮಟ್ಟಿಗೆ ಅಲೆ ಬೇಕು, ರಾಡ್ ಇಲ್ಲದೆ. ಅರ್ಧ ಹೊತ್ತು ತಲೆಗೆ ವಸ್ತ್ರ ಕಟ್ಟಿಕೊಂಡಿರಬೇಕು.
— ಓದುಗರು, ಪೊನ್ನಂಪೇಟೆ

ಹಿಂದಿನ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ, ಎಣ್ಣೆ ಬೇಡ. ಸಂಜೆ ಕೂದಲು ಪೂರ್ತಿ ಒಣಗಿದ ಮೇಲೆ ಸ್ಪ್ರೇ ಬಾಟಲಿಯಿಂದ ತಣುವಾಗುವಷ್ಟು ಮಾತ್ರ ನೀರು ಚಿಮುಕಿಸಿ, ಒಂದು ಚಮಚ ಜೆಲ್ ಸವರಿ. ತೊಯ್ದ ಕೂದಲಿಗೆ ಜಡೆ ಹಾಕಿದರೆ ಬೆಳಗಾದರೂ ಒಳಗೆ ಹಸಿಯೇ ಇದ್ದು, ಬಿಚ್ಚಿದ ಅರ್ಧ ಗಂಟೆಗೆ ನೆಟ್ಟಗಾಗುತ್ತದೆ. ಎರಡು ಜಡೆಗೆ ದೊಡ್ಡ ಸಡಿಲ ಅಲೆ, ಐದಾರು ಜಡೆಗೆ ಸಣ್ಣ ಒತ್ತೊತ್ತು ಅಲೆ. ತುದಿಯನ್ನು ಒಳಗೆ ಮಡಚಿ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಇಲ್ಲದಿದ್ದರೆ ಕೊನೆಯ ಎರಡು ಇಂಚು ಕಡ್ಡಿಯಂತೆ ನಿಲ್ಲುತ್ತದೆ. ಜಡೆಯ ಗೀರು ಬೇಡ, ಸುರುಳಿಯೇ ಬೇಕು ಎಂದರೆ ಹತ್ತಿ ಸೀರೆಯ ಉದ್ದ ಪಟ್ಟಿಯನ್ನು ಹೆಬ್ಬೆರಳು ದಪ್ಪಕ್ಕೆ ಹೊಸೆದು ನೆತ್ತಿಯ ಮೇಲೆ ಅಡ್ಡ ಇಟ್ಟು, ಎರಡೂ ಬದಿಯ ಕೂದಲನ್ನು ಅದಕ್ಕೆ ಸುತ್ತುತ್ತಾ ಇಳಿಯಿರಿ.

ಬೆಳಿಗ್ಗೆ ಸೀರೆ ಉಟ್ಟು ಮುಗಿದ ಮೇಲೆ ಬಿಚ್ಚಿ, ಬೆರಳಿನಿಂದಷ್ಟೇ ಬಿಡಿಸಿ. ವಸ್ತ್ರದಡಿ ನೆತ್ತಿ ಹೇಗೂ ಚಪ್ಪಟೆಯಾಗುತ್ತದೆ, ಹಾಗಾಗಿ ಅಲೆಯನ್ನು ಕಿವಿಯಿಂದ ಕೆಳಗೆ ಮಾತ್ರ ಮಾಡಿಕೊಳ್ಳುವುದು ಜಾಣತನ. ನೆಟ್ಟಗಿನ ಕೂದಲಿನಲ್ಲಿ ಇದು ಆ ದಿನಕ್ಕಷ್ಟೇ. ಬೆವರಿದರೆ, ಮಳೆ ಬಿದ್ದರೆ ಬೇಗ ಇಳಿಯುತ್ತದೆ. ಹದಿನೈದು ದಿನ ಮೊದಲು ಒಮ್ಮೆ ಪ್ರಯೋಗ ಮಾಡಿ ನೋಡಿ.

ಎಂಟು ವರ್ಷದ ಮಗಳದ್ದು ತುಂಬ ಗುಂಗುರು. ಶಾಲೆಗೆ ಎರಡು ಜಡೆ ಕಡ್ಡಾಯ. ದಿನಾ ಬೆಳಿಗ್ಗೆ ಅಳು.
— ಓದುಗರು, ಸೋಮವಾರಪೇಟೆ

ಒಣ ಕೂದಲನ್ನು ಬಾಚುತ್ತಿದ್ದೀರಿ, ಅದಕ್ಕೇ ಅಳು. ಒಂದು ಲೋಟ ನೀರಿಗೆ ಒಂದು ಚಮಚ ಕಂಡೀಷನರ್ ಬೆರೆಸಿ ಬಾಟಲಿಯಲ್ಲಿಡಿ, ಎರಡು ಮೂರು ದಿನಕ್ಕೊಮ್ಮೆ ಹೊಸದು ಮಾಡಿ. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಚಿಮುಕಿಸಿ, ಬುಡದ ಹತ್ತಿರ ಬಿಗಿಯಾಗಿ ಹಿಡಿದುಕೊಂಡು ತುದಿಯಿಂದ ಬೆರಳಾಡಿಸಿ. ಎಳೆತ ನೆತ್ತಿಗೆ ತಲುಪುವುದಿಲ್ಲ. ಹಣೆಯಂಚಿನ ಕೂದಲು ಎಳೆಯುವಷ್ಟು ಬಿಗಿ ಜಡೆ ಬೇಡ, ದಿನವೂ ಎಳೆದರೆ ಅಲ್ಲಿ ಕೂದಲು ತೆಳುವಾಗುತ್ತದೆ. ಶನಿವಾರ ಸಂಜೆಯಿಂದ ಭಾನುವಾರವಿಡೀ ಕೂದಲು ಬಿಟ್ಟಿರಲಿ.

ಸ್ನಾನದ ದಿನ ಚೆನ್ನಾಗಿರುತ್ತದೆ. ಮರುದಿನ ಬೆಳಿಗ್ಗೆ ಒಂದು ಬದಿ ಚಪ್ಪಟೆ. ಸ್ಕೂಟರಿನಲ್ಲಿ ಹೆಲ್ಮೆಟ್ ಹಾಕಿದರೆ ಉಳಿದದ್ದೂ ಹೋಗುತ್ತದೆ.
— ಓದುಗರು, ಮಡಿಕೇರಿ

ಮಲಗುವಾಗ ಕೂದಲನ್ನೆಲ್ಲ ನೆತ್ತಿಯ ಮೇಲೆ ತಂದು ಬಟ್ಟೆಯ ಪಟ್ಟಿಯಿಂದ ಒಂದೇ ಸುತ್ತು, ಸಡಿಲವಾಗಿ ಕಟ್ಟಿ. ಹಳೆಯ ರೇಷ್ಮೆ ಸೀರೆಯ ಒಳಭಾಗದಿಂದ ದಿಂಬಿನ ಚೀಲ ಹೊಲಿಸಿಕೊಳ್ಳಿ. ಜರಿಯಂಚು ಬೇಡ, ಅದು ಹತ್ತಿಗಿಂತ ಹೆಚ್ಚು ಉಜ್ಜುತ್ತದೆ. ಹೆಲ್ಮೆಟ್ಟಿನಡಿ ತೆಳು ರೇಷ್ಮೆ ಅಥವಾ ಸ್ಯಾಟಿನ್ ಬಟ್ಟೆ ಕಟ್ಟಿ, ಉದ್ದ ಕೂದಲನ್ನು ಸಡಿಲ ಜಡೆ ಮಾಡಿ ಜಾಕೆಟ್ಟಿನೊಳಗೆ ಬಿಡಿ. ಬಟ್ಟೆ ದಪ್ಪವಾಗಿ ಹೆಲ್ಮೆಟ್ ಸಡಿಲ ಕೂರುವಂತಾದರೆ ಬಟ್ಟೆಯನ್ನೇ ಬಿಡಿ. ಊರು ತಲುಪಿದ ಮೇಲೆ ಇಡೀ ತಲೆ ಒದ್ದೆ ಮಾಡುವುದು ಬೇಡ. ಹಾಳಾದ ಎಳೆಗಳಿಗಷ್ಟೇ ಒದ್ದೆ ಕೈ ಸವರಿ, ಬೆರಳಿಗೆ ಸುತ್ತಿ ಹತ್ತು ಎಣಿಸಿ ಬಿಡಿ, ಒಣಗುವವರೆಗೆ ಮುಟ್ಟಬೇಡಿ.