ಟ್ರೀ ಫರ್ನ್‌ಗೆ ನೀರು ಬುಡಕ್ಕಲ್ಲ, ಮೈಗೆ

ಪ್ರಶ್ನೆ: ಹೋದ ಮಳೆಗಾಲದಲ್ಲಿ ನರ್ಸರಿಯಿಂದ ಟ್ರೀ ಫರ್ನ್ (ಮರದ ಹಾಗೆ ಕಾಂಡ ಬಿಡುವ ಜರಿಗಿಡ) ತಂದು ಅಂಗಳದಲ್ಲಿ ನೆಟ್ಟೆವು. ಚೆನ್ನಾಗಿಯೇ ಗರಿ ಬಿಟ್ಟಿತ್ತು. ಜನವರಿಯಿಂದ ಗರಿಗಳ ತುದಿ ಕರಟುತ್ತಿದೆ. ಬುಡಕ್ಕೆ ದಿನಾ ನೀರು ಹಾಕುತ್ತೇವೆ. ಮನೆಯಿಂದ ಸಮುದ್ರ ದೂರವಿಲ್ಲ.
– ಓದುಗರು, ಸುರತ್ಕಲ್

ಉತ್ತರ: ನೀರು ಕಡಿಮೆಯಾಗಿಲ್ಲ, ಬೀಳುವ ಜಾಗ ಸರಿಯಿಲ್ಲ. ಈ ಗಿಡದ ಕಾಂಡದ ಹೊರಗೆ, ಅದರಲ್ಲೂ ಕೆಳಭಾಗದಲ್ಲಿ, ಕಪ್ಪು ನಾರಿನ ಹಾಗೆ ಕಾಣುವುದೆಲ್ಲ ಬೇರು. ನೀವು ಬುಡಕ್ಕಷ್ಟೇ ನೀರು ಹಾಕಿದರೆ ಆ ಬೇರೆಲ್ಲ ಒಣಗಿಕೊಂಡೇ ಇರುತ್ತದೆ, ಅಲ್ವಾ? ಪೈಪ್ ಮೇಲೆ ಹಿಡಿದು ಕಾಂಡ ಪೂರ್ತಿ ನೆನೆಸಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬೇಕು.

ಎರಡನೆಯದು ಗಾಳಿ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಪಡುವಣದಿಂದ ಬಿಸಿಲೂ ಬರುತ್ತದೆ, ಉಪ್ಪುಗಾಳಿಯೂ ಬರುತ್ತದೆ. ತೆಂಗಿಗೆ ಅದೇನೂ ಲೆಕ್ಕಕ್ಕಿಲ್ಲ, ಆದರೆ ಹೊಳೆ ಬದಿಯ ನೆರಳಲ್ಲಿ ಬೆಳೆಯುವ ಗಿಡಕ್ಕೆ ಎರಡೂ ಕಷ್ಟ. ಬರುವ ಜೂನ್‌ನಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ, ಬೇರಿನ ಮಣ್ಣು ಉದುರದಂತೆ ಎತ್ತಿ ಮನೆಯ ಮೂಡು ಬದಿಗೆ ನೆಡಿ. ಬಾವಿಕಟ್ಟೆ ಪಕ್ಕವೋ, ನಾಲ್ಕು ಅಡಿಕೆ ಮರದ ನಡುವೆಯೋ ಆದರೆ ಇನ್ನೂ ಒಳ್ಳೆಯದು. ಬಚ್ಚಲಿನ ಸೋಪು ನೀರು ಮಾತ್ರ ಬೇಡ.

ಹೊಂಡ ತೋಡುವಾಗ ಒಂದು ವಿಷಯ ನೆನಪಿರಲಿ. ಮುರಕಲ್ಲಿನ ನೆಲದಲ್ಲಿ ತೋಡಿದ ಹೊಂಡ ಜುಲೈನಲ್ಲಿ ಸಣ್ಣ ಕೆರೆಯಾಗುತ್ತದೆ, ನಿಂತ ನೀರಲ್ಲಿ ಬೇರು ಕೊಳೆಯುತ್ತದೆ. ಒಂದು ಬದಿಗೆ ನೀರು ಹರಿದುಹೋಗಲು ದಾರಿ ಮಾಡಿ, ಇಲ್ಲವೇ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಕೊಳೆತ ತರಗೆಲೆ, ಹಳೆಯ ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ ಸಾಕು. ಯೂರಿಯಾ ಗೀರಿಯಾ ಸುರಿಯಬೇಡಿ, ಬೇರು ಸುಡುತ್ತದೆ. ಕರಟಿದ ಗರಿ ಮತ್ತೆ ಹಸಿರಾಗುವುದಿಲ್ಲ. ನಡುವೆ ಸುರುಳಿ ಸುತ್ತಿದ ಎಳೆಗರಿ ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಅಂತ ಲೆಕ್ಕ.

ಪ್ರಶ್ನೆ: ಗರಿಯ ಅಡಿಯಲ್ಲಿ ಸಾಲು ಸಾಲು ಕಂದು ಚುಕ್ಕೆಗಳು. ಯಾವ ಔಷಧಿ ಹೊಡೆಯಲಿ?
– ಓದುಗರು, ಮಣಿಪಾಲ

ಉತ್ತರ: ಏನೂ ಹೊಡೆಯಬೇಡಿ! ಅದು ರೋಗವಲ್ಲ, ಗಿಡದ ಬೀಜಕಗಳು. ಫರ್ನ್ ಹೂ ಬಿಡುವುದಿಲ್ಲ, ಹೀಗೇ ಹುಡಿ ಉದುರಿಸಿ ಸಂತಾನ ಬೆಳೆಸುತ್ತದೆ. ಚುಕ್ಕೆಗಳು ಎರಡು ಬದಿಯಲ್ಲೂ ಒಂದೇ ಲೆಕ್ಕದಲ್ಲಿ ಜೋಡಿಸಿದ ಹಾಗಿದ್ದರೆ ಬೀಜಕ. ಎಲ್ಲೆಂದರಲ್ಲಿ ಇದ್ದು, ಕೈಗೆ ಅಂಟು ಹತ್ತಿ, ಇರುವೆ ಓಡಾಡುತ್ತಿದ್ದರೆ ಶಲ್ಕ ಕೀಟ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಎಳೆಗರಿಗೆ ಕೀಟನಾಶಕ ತಾಗಿದರೆ ಕೀಟಕ್ಕಿಂತ ಮೊದಲು ಗರಿಯೇ ಸುಟ್ಟು ಹೋಗಬಹುದು.

ಪ್ರಶ್ನೆ: ಟ್ರೀ ಫರ್ನ್‌ನ ಕಾಂಡ ಕತ್ತರಿಸಿ ನೆಟ್ಟರೆ ಚಿಗುರುವುದನ್ನು ವಿಡಿಯೊದಲ್ಲಿ ನೋಡಿದೆ. ಘಾಟಿಯಿಂದ ಒಂದು ತುಂಡು ತಂದು ನೆಡಬಹುದಾ?
– ಓದುಗರು, ಕಾರ್ಕಳ

ಉತ್ತರ: ನೀವು ನೋಡಿದ್ದು ಡಿಕ್ಸೋನಿಯಾ ಅಂಟಾರ್ಕ್ಟಿಕಾ ಎಂಬ ಟ್ರೀ ಫರ್ನ್ ಇರಬೇಕು. ಅದು ಆಸ್ಟ್ರೇಲಿಯಾದ ಟಾಸ್ಮೇನಿಯಾ, ವಿಕ್ಟೋರಿಯಾ ಕಡೆಯ ಚಳಿಯ ಗಿಡ, ನಮ್ಮ ಸೆಕೆಗೆ ಆಗುವುದಿಲ್ಲ. ಅದರಲ್ಲೂ ಬೇರು ಬಿಡುವುದು ತಲೆ ಇರುವ ಮೇಲಿನ ತುಂಡು. ಕೆಳಗೆ ಉಳಿದ ಮೋಟು ಸತ್ತೇ ಹೋಗುತ್ತದೆ.

ನಮ್ಮ ಘಟ್ಟದಲ್ಲಿರುವುದು ಸಯಾಥಿಯಾ ಜಾತಿಯವು. ಸಯಾಥಿಯಾ ಜೈಗಾಂಟಿಯಾದ ಗರಿಯ ದಂಟು ಕಪ್ಪಗೆ ಹೊಳೆಯುತ್ತದೆ, ಸ್ಪೈನುಲೋಸಾದ ದಂಟಲ್ಲಿ ಮುಳ್ಳಿರುತ್ತದೆ. ಇವು ಬೆಳೆಯುವುದು ತುದಿಯ ಒಂದೇ ಮೊಳಕೆಯಿಂದ, ಅದು ಹೋದರೆ ಸಾಮಾನ್ಯವಾಗಿ ಗಿಡವೇ ಹೋದ ಹಾಗೆ. ಅಲ್ಲದೆ ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು ಅಪರಾಧ. ಸಯಾಥಿಯಾಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ, ಅಪಾಯದಲ್ಲಿರುವ ಕಾಡು ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ 2ನೇ ಪಟ್ಟಿಯ ನಿಯಂತ್ರಣವಿದೆ.

ಬೇಕೇ ಬೇಕು ಅಂದರೆ ನರ್ಸರಿಯಲ್ಲಿ ಬೀಜಕದಿಂದ ಬೆಳೆಸಿದ ಸಯಾಥಿಯಾ ಕೂಪರೈ ಎಂಬ ಟ್ರೀ ಫರ್ನ್ ಕೇಳಿ ನೋಡಿ. ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆಯದು, ಬೇಗ ಎತ್ತರವಾಗುತ್ತದೆ. ಗರಿ ಉದುರಿದ ಕಡೆ ಕಾಂಡದ ಮೇಲೆ ನಾಣ್ಯ ಒತ್ತಿದ ಹಾಗೆ ಗುರುತು ಉಳಿಯುತ್ತದೆ, ಅದನ್ನು ನೋಡಿ ಗುರುತಿಸಬಹುದು. ಒಣ ಗರಿ ತೆಗೆಯುವಾಗ ಕೈಗವಸು ಹಾಕಿ, ದಂಟಿನ ಹೊಟ್ಟು ಮೈಗೆ ತಾಗಿದರೆ ತುರಿಕೆ.