ವಿಮಾನ ಬಿದ್ದು ವಿಚಿತ್ರ ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ ಹೇಳುವ ಅಮೆರಿಕದ ಧಾರಾವಾಹಿ ‘ಲಾಸ್ಟ್’ ಅನ್ನು ಆರನೆಯ, ಅಂದರೆ ಕೊನೆಯ ಸೀಸನ್ನಿನ 15ನೆಯ ಕಂತಿಗೆ ನಿಲ್ಲಿಸಿಬಿಡಲೇ? ಉಳಿದದ್ದರ ಸಾರಾಂಶ ಓದಿಕೊಂಡರೆ ಸಾಲದೇ?

ಸಾಲದು.

‘ಅಕ್ರಾಸ್ ದ ಸೀ’ ಎಂಬ ಆ 15ನೆಯ ಕಂತು ನೋಡಿ ಮೋಸಹೋದಂತಾಗಿದೆ, ಉಳಿದ ಕಂತುಗಳಲ್ಲೂ ಎಲ್ಲ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲವೆಂದಾದರೆ ಇಲ್ಲಿಗೇ ಬಿಟ್ಟು ಕೊನೆಯನ್ನು ಎಲ್ಲಾದರೂ ಓದಿಕೊಳ್ಳುತ್ತೇನೆ ಎಂದಿದ್ದೀರಿ. 2010ರ ಮೇ 11ರಂದು, ಆ ಕಂತು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಮೊದಲ ಬಾರಿಗೆ ಬಂದ ರಾತ್ರಿ, ನಾನೂ ಇದನ್ನೇ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದೆ.

ಆಗ ನಾನು ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಈ ಧಾರಾವಾಹಿಯನ್ನು 2004ರ ಸೆಪ್ಟೆಂಬರಿನ ಮೊದಲ ಕಂತಿನಿಂದಲೇ ನೋಡುತ್ತ ಬಂದವರು. ನಾನು ಹಿಂದಿನ ಸೀಸನ್ನುಗಳನ್ನೆಲ್ಲ ಡಿವಿಡಿಯಲ್ಲಿ ಒಂದೇ ಉಸಿರಿಗೆ ಮುಗಿಸಿ ಅವರನ್ನು ಸೇರಿಕೊಂಡೆ. ಮಂಗಳವಾರ ರಾತ್ರಿ 9 ಗಂಟೆ ಎಂದರೆ ಆ ಮನೆಯಲ್ಲಿ ಫೋನ್ ಕೂಡ ಎತ್ತುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಇದು ಹಿಡಿಸದು. “ಆ ದ್ವೀಪದಲ್ಲಿ ಒಬ್ಬರಿಗಾದರೂ ಎದುರಿನವರನ್ನು ನೇರವಾಗಿ ಒಂದು ಮಾತು ಕೇಳುವುದಕ್ಕೆ ಬಾಯಿಲ್ಲವೇ?” ಎಂದು ಗೊಣಗುತ್ತ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ‘ಲಾಸ್ಟ್’ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಇವತ್ತಿಗೂ ಓದಿಲ್ಲ.

ನನ್ನ ಬಳಿ ಒಂದು ನೋಟ್‌ಬುಕ್ ಇತ್ತು. ಅದರ ತುಂಬ ಬಗೆಹರಿಯದ ಒಗಟುಗಳು. ಮತ್ತೆ ಮತ್ತೆ ಎದುರಾಗುವ 4, 8, 15, 16, 23, 42 ಎಂಬ ಸಂಖ್ಯೆಗಳ ಹಿಂದೆ ಏನಿದೆ? ಅಷ್ಟು ಸೆಖೆಯ ದ್ವೀಪದಲ್ಲಿ ಹಿಮಕರಡಿಗೇನು ಕೆಲಸ? ವಾಲ್ಟ್ ಎಂಬ ಹುಡುಗನಲ್ಲಿ ಅಂಥದ್ದೇನು ವಿಶೇಷ? ಹಿಂದೆ ಅಲ್ಲಿ ಪ್ರಯೋಗ ನಡೆಸುತ್ತಿದ್ದ ಧರ್ಮ ಇನಿಷಿಯೇಟಿವ್‌ನವರೆಲ್ಲ ಸತ್ತು ವರ್ಷಗಳಾದ ಮೇಲೂ ಆಕಾಶದಿಂದ ಆಹಾರದ ಮೂಟೆ ಉದುರಿಸುತ್ತಿದ್ದವರು ಯಾರು? ಮೊದಲ ಸೀಸನ್ನಿನಲ್ಲಿ ಗುಹೆಯೊಳಗೆ ಸಿಕ್ಕ ಎರಡು ಅಸ್ಥಿಪಂಜರಗಳು ಯಾರವು? ಉತ್ತರ ಸಿಕ್ಕಿದ ಒಗಟಿನ ಮೇಲೆ ಗೀಟು ಎಳೆಯುತ್ತಿದ್ದೆ. ಕಿರಾಣಿ ಅಂಗಡಿಯವನು ಸಾಲದ ಪುಸ್ತಕ ಇಟ್ಟುಕೊಳ್ಳುವ ಹಾಗೆ ನಾನು ಅದನ್ನು ಇಟ್ಟುಕೊಂಡಿದ್ದೆ. ಭಾವನಿಗೆ ಇಂಥ ಲೆಕ್ಕಗಳಿರಲಿಲ್ಲ. ಡೆಸ್ಮಂಡ್ ಎಂಬ ಪಾತ್ರ ಪರದೆಯ ಮೇಲೆ ಬಂದರೆ ಅವರಿಗೆ ಅಷ್ಟೇ ಸಾಕಾಗಿತ್ತು.

ಮೇ 4ರ ಕಂತು ನಿಮಗೆ ನೆನಪಿರುತ್ತದೆ, ಈಗತಾನೇ ನೋಡಿದ್ದೀರಿ. ಜಲಾಂತರ್ಗಾಮಿಯೊಳಗಿನ ಬಾಂಬನ್ನು ಎತ್ತಿಕೊಂಡು ಸಯೀದ್ ಓಡಿದ. ಸನ್ ಸಿಕ್ಕಿಹಾಕಿಕೊಂಡಳು, ಗಂಡ ಜಿನ್ ಅವಳನ್ನು ಬಿಟ್ಟು ಬರಲಿಲ್ಲ. ನಿಮಗೆ ಮುಂದಿನ ಕಂತು ಒಂದು ಗುಂಡಿ ಒತ್ತಿದರೆ ಬಂತು, ನಾವು ಏಳು ದಿನ ಕಾದೆವು. ಆ ವಾರವಿಡೀ ಊಟದ ಮೇಜಿನಲ್ಲಿ ಅದೇ ಮಾತು. ಜ್ಯಾಕ್ ಏನು ಮಾಡುತ್ತಾನೆ, ಹರ್ಲಿ ಹೇಗೆ ತಡೆದುಕೊಳ್ಳುತ್ತಾನೆ, ಸಾಯರ್ ತನ್ನನ್ನು ತಾನು ಹೇಗೆ ಕ್ಷಮಿಸಿಕೊಳ್ಳುತ್ತಾನೆ.

ಮಂಗಳವಾರ ಟಿವಿ ಹಾಕಿದರೆ ಇವರು ಯಾರೂ ಇಲ್ಲ. ಯಾವುದೋ ಕಾಲ. ಹಡಗು ಒಡೆದು ದಡಕ್ಕೆ ಬಿದ್ದ ಒಬ್ಬ ಗರ್ಭಿಣಿ. ಅವಳಿಗೆ ಹೆರಿಗೆ ಮಾಡಿಸಿ, ಆಮೇಲೆ ಕಲ್ಲಿನಿಂದ ಜಜ್ಜಿ ಕೊಲ್ಲುವ ಹೆಸರಿಲ್ಲದ ಹೆಂಗಸು. ಆ್ಯಲಿಸನ್ ಜ್ಯಾನಿ ಒಳ್ಳೆಯ ನಟಿ, ಆದರೆ ಆ ಜಡೆಗಟ್ಟಿದ ವೇಷದಲ್ಲಿ ಅವರನ್ನು ಕಂಡು ಭಾವನಿಗೆ ನಗು ತಡೆಯಲಾಗಲಿಲ್ಲ. ಅವಳಿ ಮಕ್ಕಳು, ಕಪ್ಪು ಬಿಳಿ ಕಾಯಿಗಳ ಆಟ, ಗುಹೆಯೊಳಗೆ ಚಿನ್ನದ ಬಣ್ಣದ ಬೆಳಕು, ಆ ಬೆಳಕಿನೊಳಕ್ಕೆ ತಮ್ಮನನ್ನು ದೂಡಿದರೆ ಹೊರಬರುವ ಕಪ್ಪು ಹೊಗೆ. ತಾನು ಕೊಡುವ ಒಂದೊಂದು ಉತ್ತರವೂ ಇನ್ನೊಂದು ಪ್ರಶ್ನೆಯನ್ನೇ ಎಬ್ಬಿಸುತ್ತದೆ ಎಂದು ಆ ಹೆಂಗಸು ಗರ್ಭಿಣಿಯ ಬಾಯಿ ಮುಚ್ಚಿಸುತ್ತಾಳಲ್ಲ, ಅದು ಬರಹಗಾರರು ನನ್ನ ನೋಟ್‌ಬುಕ್ ನೋಡಿಯೇ ಆಡಿದ ಮಾತು ಎನಿಸಿ ಮೈ ಉರಿಯಿತು.

ಕೊನೆಗೆ ಆ ಅಸ್ಥಿಪಂಜರಗಳು. ತಾಯಿ ಮತ್ತು ಮಗ. ಪ್ರೇಕ್ಷಕರು ಎಲ್ಲಿ ಮರೆತುಬಿಟ್ಟಿರುತ್ತಾರೋ ಎಂದು ಮೊದಲ ಸೀಸನ್ನಿನ ಜ್ಯಾಕ್, ಕೇಟ್, ಲಾಕ್‌ರ ಹಳೆಯ ದೃಶ್ಯವನ್ನು ನಡುವೆ ತುರುಕಿ ತೋರಿಸಿದರು. ಆ ಹಳೆಯ ಕಂತಿನಲ್ಲಿ ಜ್ಯಾಕ್, ಬಟ್ಟೆ ಹಾಳಾಗಿರುವ ರೀತಿ ನೋಡಿದರೆ ನಲವತ್ತು ಐವತ್ತು ವರ್ಷವಾಗಿರಬೇಕು ಎಂದಿದ್ದ. ಈಗ ನೋಡಿದರೆ ಲ್ಯಾಟಿನ್ ಮಾತಾಡುವವರ ಕಾಲದ ಮೂಳೆಗಳು! ನಾನು ನೋಟ್‌ಬುಕ್ಕಿನಲ್ಲಿ ಅದರ ಮೇಲೆ ಗೀಟು ಎಳೆಯಲೂ ಇಲ್ಲ. “ಭಾವ, ಇನ್ನು ನಾನು ಇದನ್ನು ನೋಡುವುದಿಲ್ಲ” ಎಂದೆ. ಅವರು ತಮಾಷೆ ಎಂದುಕೊಂಡರು.

ಮುಂದಿನ ವಾರ ನೋಡಲಿಲ್ಲ. ಮೇ 23ರ ಭಾನುವಾರ, ಎರಡೂವರೆ ಗಂಟೆಯ ಕೊನೆಯ ಕಂತು. ಅಕ್ಕ ಕೂಡ ಆ ದಿನ ಭಾವನ ಪಕ್ಕ ಕುಳಿತಿದ್ದಳು. ಭಾವ ನನ್ನ ಕೋಣೆಯ ಬಾಗಿಲು ತಟ್ಟಿ “ಶುರುವಾಗುತ್ತಿದೆ, ಬಾರೋ” ಎಂದರು. “ನೀವು ನೋಡಿ ಭಾವ, ನನಗೆ ಕಚೇರಿಯ ಕೆಲಸವಿದೆ” ಎಂದೆ. ಯಾವ ಕೆಲಸವೂ ಇರಲಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬ ಕೊನೆ ಏನಾಯಿತೆಂದು ಹೇಳಿದ: ಎಲ್ಲರೂ ವಿಮಾನ ಬಿದ್ದ ದಿನವೇ ಸತ್ತಿದ್ದರಂತೆ, ಆರು ವರ್ಷ ನಾವು ನೋಡಿದ್ದೆಲ್ಲ ಸತ್ತವರ ಕಥೆಯಂತೆ. ನನಗೆ ಹಬ್ಬವಾಯಿತು. ಸಂಜೆ ಮನೆಗೆ ಬಂದು ಭಾವನಿಗೆ ಅದನ್ನೇ ಒಪ್ಪಿಸಿದೆ. “ಹಾಗಲ್ಲವೋ ಅದು” ಎಂದು ಅವರು ಬಿಡಿಸಿ ಹೇಳಲು ಹೊರಟರು. ನಾನು ತಡೆದು, “ನಿಮಗೆ ಅರ್ಥವಾಗಿಲ್ಲ ಭಾವ” ಎಂದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ. ಸಿಟ್ಟು ಬಂದದ್ದು ತಪ್ಪಲ್ಲ, ಆ ಕಂತಿಗೆ ಸಿಟ್ಟು ಬರಲೇಬೇಕು. ನೋಡುವುದನ್ನು ಬಿಟ್ಟದ್ದೂ ಮಹಾಪರಾಧವಲ್ಲ, ಧಾರಾವಾಹಿ ನೋಡುವುದು ಯಾರ ಮೇಲಿನ ಋಣವೂ ಅಲ್ಲ. ಬಿಟ್ಟ ಮೇಲೆ ‘ನನಗೆ ಗೊತ್ತಿಲ್ಲ’ ಎಂದು ಇರಬಹುದಿತ್ತು. ನಾನು ಹಾಗಿರಲಿಲ್ಲ. ಬೇರೆಯವರು ಅರ್ಧಂಬರ್ಧ ಹೇಳಿದ್ದನ್ನು ಕೇಳಿ, ಅದು ನನ್ನ ಸಿಟ್ಟಿಗೆ ಒಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ನಂಬಿದೆ. ಸಾರಾಂಶದಲ್ಲಿ ಸುಳ್ಳಿದ್ದರೆ ಹಿಡಿಯುವುದಕ್ಕೆ ಮೂಲವನ್ನು ನೋಡಿರಬೇಕು, ನಾನು ನೋಡಿರಲಿಲ್ಲ. ಹಾಗಾಗಿ ಅದನ್ನು ವರ್ಷಗಟ್ಟಲೆ ಸಿಕ್ಕಸಿಕ್ಕವರಿಗೆ ಹಂಚಿದೆ. ಹೊಸದಾಗಿ ನೋಡಲು ಶುರುಮಾಡಿದವರನ್ನು ಹಿಡಿದು ನಿಲ್ಲಿಸಿ, “ಸುಮ್ಮನೆ ಸಮಯ ಹಾಳು, ಎಲ್ಲರೂ ಮೊದಲೇ ಸತ್ತಿರುತ್ತಾರೆ” ಎಂದು ಉಪದೇಶ ಮಾಡಿದೆ. ಆರು ವರ್ಷ ಒಂದು ವಾರವೂ ತಪ್ಪಿಸದೆ ನೋಡಿದ ಮನುಷ್ಯನಿಗೆ, ಕೊನೆಯ ಕಂತನ್ನು ನೋಡದ ನಾನು, ಅದರ ಅರ್ಥ ಹೇಳಿಕೊಟ್ಟೆ. ಅಕ್ಕ ಅಡುಗೆಮನೆಯಿಂದ ನಕ್ಕದ್ದು ನನಗೆ ಕೇಳಿಸಿತ್ತು. ಯಾಕೆಂದು ಆಗ ಹೊಳೆಯಲಿಲ್ಲ.

ಭಾವ ಆಮೇಲೆ ಆ ಮಾತು ಎತ್ತಲಿಲ್ಲ. ಆ ಬೇಸಿಗೆಯಲ್ಲೇ ನಾನು ಕೆಲಸದ ಮೇಲೆ ಟೆಕ್ಸಾಸಿಗೆ ಹೋದೆ.

ಕೋವಿಡ್ ಲಾಕ್‌ಡೌನಿನಲ್ಲಿ ಮಾಡಲು ಏನೂ ಇಲ್ಲದೆ ಇಡೀ ಧಾರಾವಾಹಿಯನ್ನು ಮೊದಲಿನಿಂದ ಹಾಕಿದೆ, ಈ ಸಲ ಕೊನೆಯವರೆಗೂ. ಸಹೋದ್ಯೋಗಿ ಹೇಳಿದ್ದು ಸುಳ್ಳು. ನೀವು ಇನ್ನೂ ನೋಡಿಲ್ಲವಾದ್ದರಿಂದ ಬೇರೇನನ್ನೂ ಬಯಲು ಮಾಡುವುದಿಲ್ಲ, ಇದೊಂದನ್ನು ಮಾತ್ರ ಹೇಳಿಯೇ ಹೇಳುತ್ತೇನೆ: ದ್ವೀಪದಲ್ಲಿ ನಡೆದದ್ದೆಲ್ಲ ನಿಜವಾಗಿ ನಡೆದದ್ದು. ಕೊನೆಯ ಕಂತಿನಲ್ಲಿ ಒಂದು ಪಾತ್ರ ಇದನ್ನು ಬಾಯಿಬಿಟ್ಟೇ ಹೇಳುತ್ತದೆ. ಹಾಗಿದ್ದೂ ಅಷ್ಟು ಜನ ತಪ್ಪು ತಿಳಿದದ್ದಕ್ಕೆ ಒಂದು ಕಾರಣವಿದೆ. ಪ್ರಸಾರದ ದಿನ, ಹೆಸರುಗಳು ಮೇಲೇರುವಾಗ, ಖಾಲಿ ಕಡಲತೀರದಲ್ಲಿ ಬಿದ್ದಿರುವ ವಿಮಾನದ ಅವಶೇಷಗಳನ್ನು ತೋರಿಸಿದರು. ಅದು ಕಥೆಯ ಭಾಗವಲ್ಲ. ಭಾರವಾದ ದೃಶ್ಯದಿಂದ ನೇರ ಸುದ್ದಿಗೆ ಜಿಗಿಯುವುದು ಬೇಡವೆಂದು ವಾಹಿನಿಯವರು ಸೇರಿಸಿದ ಹಳೆಯ ಚಿತ್ರಿಕೆ. ಮನುಷ್ಯರಿಲ್ಲದ ಆ ತೀರವನ್ನು ಕಂಡವರು ‘ಓಹೋ, ಯಾರೂ ಬದುಕಿಯೇ ಇರಲಿಲ್ಲ’ ಎಂದುಕೊಂಡರು. ನಿಮ್ಮ ಪ್ರತಿಯಲ್ಲಿ ಅದು ಬಂದರೆ ಲೆಕ್ಕಕ್ಕೆ ಹಿಡಿಯಬೇಡಿ.

ನೋಡಿ ಮುಗಿಸಿದವನೇ ಭಾವನಿಗೆ ಫೋನ್ ಮಾಡಿದೆ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಅವರು ಎಲ್ಲ ಕೇಳಿಸಿಕೊಂಡು, “ಚೆನ್ನಾಗಿತ್ತು ಅಲ್ಲವೇನೋ? ನನಗೆ ಈಗ ಏನೂ ನೆನಪಿಲ್ಲ. ಡೆಸ್ಮಂಡ್ ಕೊನೆಗೆ ಏನಾದ?” ಎಂದು ಕೇಳಿದರು. ಹತ್ತು ವರ್ಷ ತಡವಾಗಿ ಹೋದರೆ ಇಷ್ಟೇ ಸಿಗುವುದು.

ಈಗ ನಿಮ್ಮ ಪ್ರಶ್ನೆಗೆ. ಅದರ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಉತ್ತರ ಸಿಗದ್ದಕ್ಕೆ ಬೇಸರವಾಗಿದೆ ಎನ್ನುತ್ತೀರಿ. ನೀವು ಈಗ ನೋಡಿದ್ದು ಇಡೀ ಧಾರಾವಾಹಿಯಲ್ಲೇ ಅತಿ ಹೆಚ್ಚು ಉತ್ತರ ಕೊಟ್ಟ ಕಂತುಗಳಲ್ಲೊಂದು. ಕಪ್ಪು ಹೊಗೆ ಎಲ್ಲಿಂದ ಬಂತು, ನೆಲದಡಿಯ ಚಕ್ರವನ್ನು ಕೂರಿಸಲು ಹೊರಟವರು ಯಾರು, ಅಣ್ಣತಮ್ಮಂದಿರ ಜಗಳ ಏನು, ಮೂಳೆಗಳು ಯಾರವು, ಎಲ್ಲವನ್ನೂ ಹೇಳಿದರು. ನಿಮಗೆ ಬೇಸರವಾದದ್ದು ಉತ್ತರ ಸಿಕ್ಕಿದ್ದಕ್ಕೆ. ನಾವು ಪ್ರೀತಿಸುವ ಒಂದು ಜೀವವೂ ಆ ಕಂತಿನಲ್ಲಿ ಇರಲಿಲ್ಲ, ಸನ್ ಮತ್ತು ಜಿನ್ ಸತ್ತ ದುಃಖದ ನಡುವೆ ಯಾರದೋ ಪುರಾಣ ಹೇಳಲು ಕುಳಿತರು.

ನಾಲ್ಕನೆಯ ಸೀಸನ್ನಿನ ‘ದ ಕಾನ್‌ಸ್ಟಂಟ್’ ನೆನಪಿಸಿಕೊಳ್ಳಿ. ಡೆಸ್ಮಂಡನ ಮನಸ್ಸು 1996ಕ್ಕೂ 2004ಕ್ಕೂ ನಡುವೆ ಜಿಗಿಯುವುದರ ಹಿಂದಿನ ವಿಜ್ಞಾನವನ್ನು ಯಾರಾದರೂ ನಿಮಗೆ ತೃಪ್ತಿಯಾಗುವಂತೆ ಹೇಳಿದರೇ? ಕ್ರಿಸ್‌ಮಸ್ ಹಿಂದಿನ ದಿನ ಅವನ ಪ್ರೇಯಸಿ ಪೆನ್ನಿ ಫೋನ್ ಎತ್ತಿದಾಗ ನಿಮಗೆ ಆ ವಿಜ್ಞಾನ ಬೇಕಿತ್ತೇ? ಗಾಲಿಕುರ್ಚಿಯ ಲಾಕ್ ಎದ್ದು ನಡೆದದ್ದು ಹೇಗೆಂದು ಮೊದಲ ಸೀಸನ್ನಿನ ನಾಲ್ಕನೆಯ ಕಂತಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ, ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಇದೇ ಆರನೆಯ ಸೀಸನ್ನಿನ ‘ಆ್ಯಬ್ ಇಟರ್ನೊ’ ಕೂಡ ಪುರಾಣವೇ. 1867, ಹಡಗು, ಅವಳಿಗಳಲ್ಲಿ ಅಣ್ಣನಾದ ಅದೇ ಜೇಕಬ್, ತಮ್ಮನಾದ ಅದೇ ಕಪ್ಪಂಗಿಯವನು. ಆದರೆ ಅಲ್ಲಿ ರಿಚರ್ಡ್ ತನ್ನ ಸತ್ತ ಹೆಂಡತಿ ಇಸಬೆಲ್ಲಳಿಗಾಗಿ ಅಳುತ್ತಾನೆ, ಹರ್ಲಿ ಅವಳ ಮಾತನ್ನು ತಲುಪಿಸುತ್ತಾನೆ. ಅದನ್ನು ಯಾರೂ ಬೈಯಲಿಲ್ಲ.

ಕೆಲವು ಒಗಟುಗಳಿಗೆ ಕಥೆಯೊಳಗೆ ಉತ್ತರವೇ ಇಲ್ಲ, ಕಾರಣ ಕಥೆಯ ಹೊರಗಿದೆ. ವಾಲ್ಟ್ ಮರೆಯಾದದ್ದಕ್ಕೆ ಆ ಬಾಲನಟ ಬೆಳೆದುಬಿಟ್ಟದ್ದು ಕಾರಣ, ಕಥೆಯಲ್ಲಿ ಕಳೆದದ್ದು ವಾರಗಳು, ಹುಡುಗನಿಗೆ ಕಳೆದದ್ದು ವರ್ಷಗಳು. ಎಕೊ ಎಂಬ ಪಾತ್ರ ಸತ್ತದ್ದು ಆ ನಟ ಬಿಟ್ಟುಹೋಗಲು ಬಯಸಿದ್ದಕ್ಕೆ. ಮೂರನೆಯ ಸೀಸನ್ನಿನಲ್ಲಿ ಜ್ಯಾಕನ ಹಚ್ಚೆಗೇ ಒಂದು ಇಡೀ ಕಂತು ಹೋಯಿತಲ್ಲ, ಅದು ಧಾರಾವಾಹಿಗೆ ಕೊನೆಯ ದಿನ ಗೊತ್ತಿಲ್ಲದೆ ಎಳೆದಾಡುತ್ತಿದ್ದಾಗಿನ ಫಲ. ಧಾರಾವಾಹಿಯ ಮುಖ್ಯ ಬರಹಗಾರರಾದ ಲಿಂಡಲಾಫ್ ಮತ್ತು ಕ್ಯೂಸ್ ಪಟ್ಟುಹಿಡಿದ ಮೇಲೆ, 2010ಕ್ಕೆ ಮುಗಿಸುವುದೆಂದು 2007ರ ಮೇ ತಿಂಗಳಲ್ಲಿ ಎಬಿಸಿ ಘೋಷಿಸಿತು. ಹಾಗೆ ಕೊನೆಯನ್ನು ಗೊತ್ತುಮಾಡಿಕೊಂಡೂ ಹದಿನೈದನೆಯ ಕಂತನ್ನು ಅಲ್ಲಿ ಇಟ್ಟರು ಎಂಬುದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸೀಸನ್ನಿನ ಮೊದಲಲ್ಲಿ ಎಲ್ಲಾದರೂ ಬಂದಿದ್ದರೆ ನುಂಗಬಹುದಿತ್ತು.

ನಿಮಗೆ ಉಳಿದಿರುವುದು ‘ವಾಟ್ ದೆ ಡೈಡ್ ಫಾರ್’ ಮತ್ತು ‘ದ ಎಂಡ್’. ಎರಡನೆಯದು ಕೆಲವು ಕಡೆ ಎರಡು ತುಂಡಾಗಿ ಸಿಗುತ್ತದೆ, ಒಟ್ಟಿಗೇ ನೋಡಿ. ಎಲ್ಲಕ್ಕೂ ಉತ್ತರ ಸಿಗುತ್ತದೆಯೇ? ಇಲ್ಲ, ಅರ್ಧಕ್ಕೂ ಸಿಗುವುದಿಲ್ಲ. ಜೊತೆಗೆ ನೋಡುತ್ತಿರುವವರು ಯಾರಾದರೂ ಇದ್ದರೆ ಅವರನ್ನು ಬಿಟ್ಟು ಮುಂದೆ ಹೋಗಬೇಡಿ, ಹಿಂದೆಯೂ ಉಳಿಯಬೇಡಿ. ಮುಗಿಯುವವರೆಗೆ ಯಾವ ಸಾರಾಂಶವನ್ನೂ ತೆರೆಯಬೇಡಿ. ಈ ಉತ್ತರದ ಕೆಳಗೆ ಯಾರಾದರೂ “ಎಲ್ಲರೂ ಮೊದಲೇ ಸತ್ತಿದ್ದರು” ಎಂದು ಬರೆದೇ ಬರೆಯುತ್ತಾರೆ, ಅವರ ಜೊತೆ ವಾದಕ್ಕಿಳಿಯಬೇಡಿ.

ಅಷ್ಟಾಗಿಯೂ ಹಿಮಕರಡಿ, ಆಹಾರದ ಮೂಟೆ ಎಂದು ಮನಸ್ಸು ಹಟ ಹಿಡಿದರೆ, 2010ರ ಆಗಸ್ಟಿನಲ್ಲಿ ಡಿವಿಡಿಯ ಜೊತೆ ಬಂದ ‘ದ ನ್ಯೂ ಮ್ಯಾನ್ ಇನ್ ಚಾರ್ಜ್’ ಎಂಬ ಹನ್ನೆರಡು ನಿಮಿಷದ ಪುಟ್ಟ ಚಿತ್ರವಿದೆ. ಕೊನೆಯ ಕಂತಿನ ಗುಟ್ಟು ಅದರಲ್ಲಿ ಒಡೆಯುತ್ತದೆ, ಆದ್ದರಿಂದ ಮೊದಲೇ ನೋಡಬೇಡಿ. ಅದರಲ್ಲಿ ಈ ಒಗಟುಗಳಲ್ಲಿ ಕೆಲವಕ್ಕೆ ನೇರ ಉತ್ತರಗಳಿವೆ. ಎಷ್ಟು ಸಪ್ಪೆಯಾಗಿವೆ ಎಂದು ನೀವೇ ಬಂದು ಹೇಳಿ.